ಎಂಟು ಗಂಟೆಗೆ ಮುನ್ನ

ಸೂರ್ಯನಿಗಿಂತ ಮೊದಲು ಏಳುವವರಲ್ಲಿ ಬಗೆಬಗೆಯವರುಂಟು. ಹಾಲಿನವನು ಏಳುತ್ತಾನೆ, ಪತ್ರಿಕೆ ಹಂಚುವ ಹುಡುಗ ಏಳುತ್ತಾನೆ, ದೇವಸ್ಥಾನದ ಅರ್ಚಕರು ಏಳುತ್ತಾರೆ, ಪರೀಕ್ಷೆಯ ಭಯ ಹೊಕ್ಕ ವಿದ್ಯಾರ್ಥಿಯೂ ಏಳುತ್ತಾನೆ, ಎದ್ದು ಪುಸ್ತಕದ ಮೇಲೆ ತಲೆಯಿಟ್ಟು ಮತ್ತೆ ಮಲಗುತ್ತಾನೆ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಇಡುವ ಗೃಹಿಣಿಯಂತೂ ಇವರೆಲ್ಲರಿಗಿಂತ ಮೊದಲು. ಕವಿಗಳು ಅಷ್ಟು ಹೊತ್ತಿಗೆ ಏಳುತ್ತಾರೆಯೇ ಎಂಬುದು ಅನುಮಾನ. ಆದರೂ ಅರುಣೋದಯವನ್ನು ಅವರಷ್ಟು ವರ್ಣಿಸಿದವರು ಬೇರೆ ಇಲ್ಲ. ಋಗ್ವೇದದ ಉಷೆಯಿಂದ ಹಿಡಿದು ನವೋದಯದ ಕವನಗಳವರೆಗೆ ಬೆಳಗೆಂದರೆ ಹೊನ್ನು, ಹೂವು, ಹಕ್ಕಿಯ ಕೊರಳು.

ಆಸ್ಪತ್ರೆಯ ವಾರ್ಡಿನ ಬೆಳಗು ಈ ವರ್ಣನೆಗೆ ಸೇರಿದ್ದಲ್ಲ. ಅದು ಹೊನ್ನಿನ ಬಣ್ಣದ್ದಲ್ಲ, ಕೊಳವೆ ದೀಪದ ಬಣ್ಣದ್ದು. ಅಲ್ಲಿ ಹಕ್ಕಿಗಿಂತ ಮೊದಲು ಕೇಳುವುದು ಯಾವನೋ ಮುದುಕನ ಕೆಮ್ಮು, ತಳ್ಳುಗಾಡಿಯ ಗಾಲಿಯ ಕಿರುಗುಟ್ಟು, ನೆಲ ಒರೆಸುವ ಬಕೆಟ್ಟಿನ ಸದ್ದು. ಆದರೆ ಬೆಳಕು ಹರಿಯಲಿ ಎಂದು ಹಾಸಿಗೆಯಲ್ಲಿ ಬಿದ್ದ ರೋಗಿ ಕಾದಷ್ಟು ಯಾವ ಕವಿಯೂ ಕಾದಿರಲಾರನು. ನೋವಿಗೆ ಇರುಳು ಉದ್ದ. ಕಿಟಕಿಯ ಗಾಜು ಕಪ್ಪಿನಿಂದ ಬೂದಿಗೆ, ಬೂದಿಯಿಂದ ಬಿಳಿಗೆ ತಿರುಗಿದೊಡನೆ ಆತನಿಗೆ ‘ಸದ್ಯ, ಈ ರಾತ್ರಿ ಕಳೆಯಿತು’ ಎಂಬ ಸಮಾಧಾನ. ಆತನ ಪಾಲಿಗೆ ಕಳೆದುಹೋದ ಆ ರಾತ್ರಿಯನ್ನು ಮತ್ತೆ ಕೈಗೆತ್ತಿಕೊಂಡು, ತಿರುವಿ ನೋಡಿ, ಅದರ ಲೆಕ್ಕ ಕೇಳುವ ಕೆಲಸ ಇನ್ನೊಬ್ಬರದು. ಹಿಂದೆ ಅವರನ್ನು ಮೇಟ್ರನ್ ಎನ್ನುತ್ತಿದ್ದರು. ಈಗ ನರ್ಸಿಂಗ್ ಸೂಪರಿಂಟೆಂಡೆಂಟ್ ಎಂಬ ಉದ್ದನೆಯ ಹೆಸರು ಬಂದಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಅವರ ಕೈಕೆಳಗಿನ ಸ್ಟಾಫ್ ನರ್ಸುಗಳಿಗೆ ಶುಶ್ರೂಷಾಧಿಕಾರಿ ಎಂಬ ಪದವಿ ದೊರೆತಿದೆ. ಹೆಸರು ಏನೇ ಆಗಲಿ, ರೋಗಿಯ ಬಾಯಲ್ಲಿ ಎಲ್ಲರೂ ಸಿಸ್ಟರೇ. ಅವರಲ್ಲಿ ಹಿರಿಯವರು ದೊಡ್ಡ ಸಿಸ್ಟರು.

ಹಳೆಯ ಮೈಸೂರು ಸೀಮೆಯ ಒಂದು ಊರಿನ ಆಸ್ಪತ್ರೆಯಲ್ಲಿ ಅಂಥ ದೊಡ್ಡ ಸಿಸ್ಟರೊಬ್ಬರಿದ್ದಾರೆ. ವಯಸ್ಸು ಐವತ್ತನ್ನು ದಾಟಿದೆ. ಕೈಕೆಳಗೆ ನೂರಕ್ಕೂ ಮೇಲ್ಪಟ್ಟು ದಾದಿಯರು. ಅವರ ದಿನ ಆರಂಭವಾಗುವುದು ನಸುಕಿನ ನಾಲ್ಕೂವರೆಗೆ. ಆರಂಭದಲ್ಲಿ ವೀರಾವೇಶವೇನೂ ಇಲ್ಲ. ಹಿಂದಿನ ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ ನೀರು ಹೊಯ್ದಿರುತ್ತಾರೆ, ಡಿಕಾಕ್ಷನ್ ಇಳಿದಿರುತ್ತದೆ. ಹಾಲು ಕಾಯುವಷ್ಟು ಹೊತ್ತು ಅಡಿಗೆಮನೆಯ ಕಿಟಕಿಯ ಬಳಿ ಸುಮ್ಮನೆ ನಿಲ್ಲುತ್ತಾರೆ. ಸೆಲ್‌ಫೋನು ನಡುಮನೆಯಲ್ಲಿ ಮಲಗಿರುತ್ತದೆ. ಪ್ರಾಣದ ಮಾತಾದರೆ ರಾತ್ರಿಪಾಳಿಯ ಮೇಲ್ವಿಚಾರಕಿ ಕರೆದೇ ಕರೆಯುತ್ತಾಳೆ, ಮಿಕ್ಕ ಸುದ್ದಿಗಳೆಲ್ಲ ಕಾಫಿಯ ನಂತರ ಎಂಬುದು ಅವರು ತಮಗೆ ತಾವೇ ಮಾಡಿಕೊಂಡ ಕಾನೂನು.

ಬೆಳಗಿನ ದಿನಚರಿಯ ಬಗೆಗೆ ಈಗ ಪುಸ್ತಕಗಳಿಗೆ ಬರವಿಲ್ಲ. ಕಾಲೇಜಿಗೆ ಹೋಗುವ ಮಗಳು ತಾಯಿಗೆ ಅಂಥದೊಂದನ್ನು ತಂದುಕೊಟ್ಟಿದ್ದಾಳೆ. ಐದಕ್ಕೆ ಏಳಬೇಕು, ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು, ಅಂಗಸಾಧನೆ ಮಾಡಬೇಕು, ಆ ದಿನದ ಗುರಿಗಳನ್ನು ಬರೆಯಬೇಕು, ಇತ್ಯಾದಿ. ಸಲಹೆಗಳೆಲ್ಲ ಒಳ್ಳೆಯವೇ. ಅವುಗಳಲ್ಲಿ ಒಂದು ಸಂಗತಿ ಮಾತ್ರ ಬಿಟ್ಟುಹೋಗಿದೆ: ಆ ಹೊತ್ತಿನಲ್ಲಿ ಕಾಫಿ ಮಾಡುವವರು ಯಾರು? ಇಂಥ ಗ್ರಂಥಗಳ ಕರ್ತೃಗಳು ಹೆಚ್ಚಾಗಿ ಗಂಡಸರು. ಅವರು ಕಣ್ಣು ಮುಚ್ಚಿ ಕುಳಿತಾಗ ಹಾಲು ಉಕ್ಕದಂತೆ ನೋಡಿಕೊಳ್ಳುವವರು ಮನೆಯಲ್ಲಿ ಬೇರೊಬ್ಬರಿರುತ್ತಾರೆ. ದೊಡ್ಡ ಸಿಸ್ಟರು ಆ ಪುಸ್ತಕದ ಹನ್ನೆರಡು ಪುಟ ಓದಿ, ಮಗಳ ಮನಸ್ಸು ನೋಯದಂತೆ ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದಾರೆ.

ಐದೂವರೆಗೆ ಅತ್ತೆಯವರು ಏಳುತ್ತಾರೆ. ಅವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆಯ ಕಾಯಿಲೆ. ಬೆಳಗಿನ ತಿಂಡಿಗೆ ಮುನ್ನ ಇನ್ಸುಲಿನ್ನಿನ ಸೂಜಿ ಚುಚ್ಚಬೇಕು. ನೂರು ದಾದಿಯರನ್ನು ಆಳುವ ಸೊಸೆಗೆ ಈ ಒಂದು ವಿಷಯದಲ್ಲಿ ಅತ್ತೆಯೇ ಮೇಟ್ರನ್.

“ಹಂಚು ಕಾಯ್ತೇನಮ್ಮಾ?” ಎನ್ನುತ್ತಾರೆ ಆ ವೃದ್ಧೆ.

“ಕಾಯ್ತು ಅತ್ತೆ. ತೋಳು ಕೊಡಿ.”

“ದೋಸೆ ಹಂಚಿನ ಮೇಲೆ ಬೀಳಲಿ. ಚುಂಯ್ ಅಂದದ್ದು ನನ್ನ ಕಿವಿಗೆ ಕೇಳಲಿ. ಆಮೇಲೆ ನಿನ್ನ ಸೂಜಿ.”

ವೈದ್ಯಶಾಸ್ತ್ರದ ಗ್ರಂಥಗಳು ಇದನ್ನೇ ಹತ್ತು ವಾಕ್ಯಗಳಲ್ಲಿ ಹೇಳುತ್ತವೆ. ಆಹಾರದ ಹೊತ್ತಿಗೆಂದು ಕೊಡುವ ಇನ್ಸುಲಿನ್ ಮೈಗೆ ಸೇರಿದ ಅರ್ಧ ಗಂಟೆಯೊಳಗೆ ರಕ್ತದ ಸಕ್ಕರೆಯನ್ನು ಇಳಿಸತೊಡಗುತ್ತದೆ. ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಇಳಿಯುತ್ತಲೇ ಹೋಗಿ ಬೆವರು, ನಡುಕ, ಮಂಕು, ಕೊನೆಗೆ ಮೂರ್ಛೆ. ಅತ್ತೆಯವರು ಶಾಸ್ತ್ರ ಓದಿದವರಲ್ಲ. ಒಮ್ಮೆ ಸೂಜಿಯಾದ ಮೇಲೆ ಅನಿಲ ಮುಗಿದು ಒಲೆ ಆರಿತ್ತು. ಆ ದಿನದ ಬೆವರು ಅವರಿಗೆ ನೆನಪಿದೆ.

ಆರೂವರೆಗೆ ದೊಡ್ಡ ಸಿಸ್ಟರು ಮನೆ ಬಿಡುತ್ತಾರೆ. ಆಸ್ಪತ್ರೆಗೆ ಇಪ್ಪತ್ತು ನಿಮಿಷದ ಹಾದಿ. ಆಟೋ ಸಿಕ್ಕರೂ ಹತ್ತುವುದಿಲ್ಲ, ನಡೆದೇ ಹೋಗುತ್ತಾರೆ. ಆರೋಗ್ಯಕ್ಕಾಗಿ ಎಂದು ಅಕ್ಕಪಕ್ಕದವರು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ಮೂವತ್ತು ವರ್ಷಗಳ ಹಿಂದೆ, ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬೇರೊಂದು ಊರಿನ ಆಸ್ಪತ್ರೆಯಲ್ಲಿ ಅವರಿಗೊಬ್ಬ ಮೇಟ್ರನ್ ಇದ್ದರು. ಕೆಲಸದಲ್ಲಿ ಬಹಳ ಸಮರ್ಥೆ. ಆದರೆ ಬೆಳಗ್ಗೆ ವಾರ್ಡಿಗೆ ಬಂದರೆಂದರೆ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಕಣ್ಣು ಬಾಗಿಲಿನ ಮೇಲೆ. ಒಂದು ಇರುಳು ಕಡೆಯ ಹಾಸಿಗೆಯ ರೋಗಿಯೊಬ್ಬ ಬಹಳ ನರಳಿ ನಸುಕಿನಲ್ಲಿ ನಿದ್ದೆ ಹೋಗಿದ್ದ. ಅವನನ್ನು ಎಬ್ಬಿಸಲು ಹುಡುಗಿಗೆ ಮನಸ್ಸಾಗಲಿಲ್ಲ. ಜ್ವರ ನೋಡದೆಯೇ ಹಿಂದಿನ ದಿನದ ಅಂಕಿಯನ್ನೇ ಪಟ್ಟಿಯಲ್ಲಿ ಬರೆದಳು. ಮೇಟ್ರನ್ ಬಂದಾಗ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆ ಮುಖವನ್ನು ನೋಡಿ ಮುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಆ ರೋಗಿಗೆ ಜ್ವರ ನೂರಮೂರು ದಾಟಿತ್ತು. ಮುಂದೆ ಆತ ಗುಣವಾಗಿ ಮನೆಗೆ ಹೋದದ್ದೇನೋ ನಿಜ. ಆದರೆ ಪಟ್ಟಿಯ ಮೇಲಿನ ಆ ಅಂಕಿ ಸುಳ್ಳಾಗಿಯೇ ಉಳಿಯಿತು. ಆ ಮಾತನ್ನು ಅವರು ಇಂದಿಗೂ ಮರೆತಿಲ್ಲ. ಓಡಿ ಬಂದವರ ಮುಖದಲ್ಲಿ ಗಡಿಯಾರ ಕಾಣುತ್ತದೆ ಎಂಬುದು ಅವರಿಗೆ ಗೊತ್ತು. ಅದಕ್ಕಾಗಿಯೇ ನಡೆಯುತ್ತಾರೆ.

ಏಳು ಗಂಟೆಗೆ ಸ್ವಲ್ಪ ಮುಂಚೆ ಅವರು ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬರುತ್ತಾರೆ. ಮುಂಬಾಗಿಲಿನಿಂದ ಬಂದರೆ ಕಾಣುವುದು ತೊಳೆದ ಮೆಟ್ಟಿಲು, ನಮಸ್ಕರಿಸುವ ಕಾವಲುಗಾರ. ಹಿಂಬಾಗಿಲಿನಿಂದ ಬಂದರೆ ಅಡಿಗೆಮನೆ, ಒಗೆಯುವ ಮನೆ, ಆಮ್ಲಜನಕದ ಸಿಲಿಂಡರುಗಳ ಕೊಠಡಿ. ತುಂಬಿದವೆಷ್ಟು, ಬರಿದಾದವೆಷ್ಟು ಎಂದು ನೋಡಿದರೆ ರಾತ್ರಿ ಹೇಗಿತ್ತೆಂಬುದರ ಅರ್ಧ ಕಥೆ ತಿಳಿಯುತ್ತದೆ. ಒಗೆಯಲು ಬಂದ ಹೊದಿಕೆಗಳ ಗಂಟು ಮಿಕ್ಕ ಕಥೆ ಹೇಳುತ್ತದೆ. ಆಮೇಲೆ ತಮ್ಮ ಕೋಣೆ. ಅಲ್ಲಿ ರಾತ್ರಿಯ ರಿಪೋರ್ಟು ಪುಸ್ತಕ: ಒಟ್ಟು ರೋಗಿಗಳೆಷ್ಟು, ಹೊಸಬರೆಷ್ಟು, ತೀರಿಕೊಂಡವರೆಷ್ಟು, ಆ ದಿನ ಶಸ್ತ್ರಕ್ರಿಯೆಗೆ ಹೋಗುವವರು ಯಾರು, ಚಿಂತಾಜನಕ ಸ್ಥಿತಿಯಲ್ಲಿರುವವರು ಯಾರು. ಅದರ ಜತೆಗೆ ರಜಾ ಚೀಟಿಗಳು. ಒಬ್ಬಳ ಮಗುವಿಗೆ ಜ್ವರ. ಒಬ್ಬಳ ಬಸ್ಸು ತಪ್ಪಿದೆ. ಒಬ್ಬಳಿಗೆ ಏಳನೆಯ ತಿಂಗಳು, ನಿಲ್ಲಲು ಆಗುತ್ತಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ದಾದಿ ಎಂಬ ಲೆಕ್ಕವನ್ನು ಸರಕಾರದ ಕಾಗದಗಳು ಬಲ್ಲವು. ಏಳೂಕಾಲಿನ ಹೊತ್ತಿಗೆ ದೊಡ್ಡ ಸಿಸ್ಟರ ಮುಂದಿರುವ ಪಟ್ಟಿ ಆ ಲೆಕ್ಕವನ್ನು ಕಂಡೇ ಇಲ್ಲ. ಇಲ್ಲಿಂದ ಒಬ್ಬಳನ್ನು ಕಿತ್ತು ಅಲ್ಲಿಗೆ, ಅಲ್ಲಿಂದ ಒಬ್ಬಳನ್ನು ಕಿತ್ತು ಇನ್ನೊಂದೆಡೆಗೆ. ಸಣ್ಣ ಹೊದಿಕೆ ಹೊದ್ದವನು ತಲೆ ಮುಚ್ಚಿಕೊಂಡರೆ ಕಾಲು ಬರಿದು.

ಏಳೂವರೆಯಿಂದ ಎಂಟರವರೆಗಿನ ಅರ್ಧ ಗಂಟೆಯೇ ಈ ದಿನಚರಿಯ ಗರ್ಭಗುಡಿ. ರಾತ್ರಿಪಾಳಿಯವರು ಹಗಲುಪಾಳಿಯವರಿಗೆ ಚಾರ್ಜು ಒಪ್ಪಿಸುವ ಹೊತ್ತು ಅದು. ಮಾರ್ಫೀನ್ ಮೊದಲಾದ ಮದ್ದುಗಳ ಕಪಾಟಿಗೆ ಎರಡು ಬೀಗ. ಎರಡೂ ಪಾಳಿಯವರು ಒಟ್ಟಿಗೆ ನಿಂತು ಸೀಸೆಗಳನ್ನು ಎಣಿಸಿ, ಎಣಿಕೆ ಪುಸ್ತಕಕ್ಕೆ ತಾಳೆಯಾದರೆ ಇಬ್ಬರೂ ಸಹಿ ಮಾಡಿ, ಬೀಗದ ಕೈ ಒಂದು ಸೆರಗಿನಿಂದ ಇನ್ನೊಂದು ಸೆರಗಿಗೆ ಹೋಗುತ್ತದೆ. ಹೃದಯ ನಿಂತವರಿಗೆ ಬೇಕಾಗುವ ಸಾಮಗ್ರಿಗಳ ಗಾಡಿಯನ್ನು ತೆರೆದು ನೋಡುತ್ತಾರೆ. ಗಂಟಲನ್ನು ನೋಡುವ ಉಪಕರಣದ ದೀಪ ಹೊತ್ತುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಬಳಿಕ ಹಾಸಿಗೆಯಿಂದ ಹಾಸಿಗೆಗೆ ನಡೆದು, ರೋಗಿಯ ಎದುರಿನಲ್ಲೇ ಅವನ ರಾತ್ರಿಯ ಕಥೆಯನ್ನು ಹೇಳಬೇಕು. ಕೋಣೆಯಲ್ಲಿ ಕುಳಿತು ಹೇಳಿದರೆ ಬೇಗ ಮುಗಿಯುತ್ತದೆ, ನಿಜ. ಆದರೆ ಕೋಣೆಯಲ್ಲಿ “ಹನ್ನೆರಡನೆಯ ಹಾಸಿಗೆ, ಚೆನ್ನಾಗಿ ನಿದ್ದೆ” ಎಂದು ಹೇಳಿದ್ದು ಹಾಸಿಗೆಯ ಬಳಿ ಬಂದರೆ “ಎಲ್ಲಿಯ ನಿದ್ದೆ ತಾಯಿ!” ಎಂದು ತಿದ್ದಲ್ಪಡುತ್ತದೆ.

ಮೇಟ್ರನ್ನರ ಕುಲಕ್ಕೆ ಮೂಲಪುರುಷರೆಂದರೆ — ಮೂಲಸ್ತ್ರೀ ಎನ್ನಬೇಕು — ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು ಮೂವತ್ತೆಂಟು ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟರಿಗೆ ಹೋದಾಕೆ. ಕೈದೀಪ ಹಿಡಿದು ನಟ್ಟಿರುಳಿನಲ್ಲಿ ಸೈನಿಕರ ಸಾಲುಗಳ ನಡುವೆ ನಡೆದ ಆಕೆಯ ಚಿತ್ರವನ್ನು ಶಾಲೆಯ ಮಕ್ಕಳೂ ಬಲ್ಲರು. ಆ ದೀಪ ಆಕೆಗೆ ಕೀರ್ತಿಯನ್ನೂ ತಂದಿತು, ಅನ್ಯಾಯವನ್ನೂ ಮಾಡಿತು. ದೀಪ ಆರಿದ ಮೇಲೆ ಹಗಲಿನಲ್ಲಿ ಆಕೆ ಮಾಡಿದ್ದನ್ನು ಲೋಕ ಮರೆಯಿತು. ಒಗೆಯುವ ವ್ಯವಸ್ಥೆ ಮಾಡಿಸಿದ್ದು, ರೋಗಿಗಳಿಗೆ ತಕ್ಕ ಪಥ್ಯದ ಅಡಿಗೆ ಏರ್ಪಡಿಸಿದ್ದು, ಮುಂದೆ ಊರಿಗೆ ಮರಳಿ ಸತ್ತವರ ಲೆಕ್ಕವನ್ನು ಕೂಡಿಸಿ ಸೈನಿಕರನ್ನು ಗುಂಡಿಗಿಂತ ಕೊಳಕೇ ಹೆಚ್ಚಾಗಿ ಕೊಂದಿತೆಂದು ಚಿತ್ರ ಬರೆದು ತೋರಿಸಿದ್ದು, ಇವೆಲ್ಲ ದೀಪದ ಹಿಂದಿನ ಕತ್ತಲೆಗೆ ಸೇರಿದವು. 1859ರಲ್ಲಿ ಅಚ್ಚಾದ ಶುಶ್ರೂಷೆಯ ಟಿಪ್ಪಣಿಗಳ ಪುಸ್ತಕದಲ್ಲಿ ಆಕೆ ಒಂದು ಇಡೀ ಅಧ್ಯಾಯವನ್ನು ಸಣ್ಣಪುಟ್ಟ ಆಡಳಿತಕ್ಕೆಂದೇ ಮೀಸಲಿಟ್ಟಿದ್ದಾಳೆ. ಅದರ ತಿರುಳು ಇಷ್ಟು: ನೀನು ಇರುವಾಗ ಆಗುವ ಕೆಲಸ ನೀನು ಇಲ್ಲದಾಗಲೂ ಆಗುವಂತೆ ಮಾಡುವುದೇ ಹೊಣೆ ಹೊರುವುದರ ಅರ್ಥ. ಎಷ್ಟೇ ಕಷ್ಟಪಟ್ಟು ದುಡಿದರೂ ಇದೊಂದನ್ನು ಸಾಧಿಸದಿದ್ದರೆ ಉಳಿದದ್ದೆಲ್ಲ ಕೆಡುತ್ತದೆ ಎಂಬುದು ಆಕೆಯ ವಾದ. ಅದೇ ಪುಸ್ತಕದಲ್ಲಿ, ನಿದ್ದೆ ಹೋದ ರೋಗಿಯನ್ನು ಬೇಕೆಂದಾಗಲಿ ಅಕಸ್ಮಾತ್ತಾಗಿಯಾಗಲಿ ಎಬ್ಬಿಸಲೇಬಾರದೆಂದೂ ಆಕೆ ಕಟ್ಟಪ್ಪಣೆ ಮಾಡಿದ್ದಾಳೆ. ಆಕೆಯ ಜನ್ಮದಿನವಾದ ಮೇ 12ರಂದು ದೀಪ ಹಚ್ಚಿ ಪ್ರತಿಜ್ಞೆ ತೊಡುವ ಆಸ್ಪತ್ರೆಗಳೇ ಬೆಳಗಿನ ಐದಕ್ಕೆ ಎಲ್ಲ ರೋಗಿಗಳನ್ನೂ ಎಬ್ಬಿಸಿ ಬಾಯಿಗೆ ಉಷ್ಣಮಾಪಕ ತುರುಕುತ್ತವೆ. ಗುರುಗಳ ಮಾತು ಗುರುಗಳ ಪಟದ ಕೆಳಗೇ ಮುರಿಯುವುದು ಬೇರೆ ಕ್ಷೇತ್ರಗಳಲ್ಲೂ ಇಲ್ಲದಿಲ್ಲ.

ಹಾಗಾದರೆ ದೊಡ್ಡ ಸಿಸ್ಟರು ಬೆಳಗ್ಗೆ ಕೇಳುವ ಲೆಕ್ಕ ಯಾವುದರದು? ತಾವು ಇಲ್ಲದ ಹನ್ನೆರಡು ಗಂಟೆಗಳದು. ಆ ಗಂಟೆಗಳೋ ಮನುಷ್ಯನಿಗೆ ಒಗ್ಗದವು. ನಸುಕಿನ ನಾಲ್ಕೈದು ಗಂಟೆಯ ಸುಮಾರಿಗೆ ದೇಹದ ಕಾವು ದಿನದಲ್ಲೆಲ್ಲ ಅತಿ ಕೆಳಗಿಳಿದಿರುತ್ತದೆ. ಎಚ್ಚರವೂ ಅದರೊಡನೆ ಇಳಿಯುತ್ತದೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅನಾಹುತ ಆರಂಭವಾದದ್ದು ನಸುಕಿನ ನಾಲ್ಕರ ಹೊತ್ತಿಗೆ. ಅಣುಸ್ಥಾವರದ ಮಾತು ಹಾಗಿರಲಿ. ಎದ್ದು ಓಡಾಡುತ್ತಿರುವ ದಾದಿಯ ಕಣ್ಣು ತೆರೆದೇ ಇರುತ್ತದೆ, ಆದರೆ ಕೈ ದಿನವೂ ಮಾಡಿದ್ದನ್ನೇ ತಾನಾಗಿ ಮಾಡಿಬಿಡುತ್ತದೆ. ಅಪಾಯವಿರುವುದು ಅಲ್ಲಿಯೇ.

ಒಂದು ಮಳೆಗಾಲದ ಬೆಳಗು ಹೀಗಾಯಿತು. ಗಂಡಸರ ಶಸ್ತ್ರಚಿಕಿತ್ಸೆಯ ವಾರ್ಡು. ಚಾರ್ಜು ಒಪ್ಪಿಸುತ್ತಿದ್ದವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿ. ಒಂಬತ್ತು ಹಾಸಿಗೆಗಳ ಕಥೆಯನ್ನು ಸರಾಗವಾಗಿ ಹೇಳಿದಳು. ಹತ್ತನೆಯದರ ಬಳಿ ಬಂದಾಗ ದನಿ ಸಣ್ಣದಾಯಿತು. ಅಲ್ಲಿ ಅರುವತ್ತು ದಾಟಿದ ಒಬ್ಬ ರೈತ; ಸಕ್ಕರೆ ಕಾಯಿಲೆ; ಆ ದಿನ ಒಂಬತ್ತಕ್ಕೆ ಕಾಲಿನ ಶಸ್ತ್ರಕ್ರಿಯೆ ನಿಗದಿಯಾಗಿತ್ತು. ಹಾಸಿಗೆಯ ತಲೆಯ ಬಳಿ ‘ಬಾಯಿಗೆ ಏನೂ ಕೊಡಬಾರದು’ ಎಂಬ ಫಲಕ. ಹುಡುಗಿ ಪುಸ್ತಕದತ್ತ ನೋಡಿದಳು, ಫಲಕದತ್ತ ನೋಡಿದಳು, ಮುಂದಿನ ಹಾಸಿಗೆಗೆ ಒಂದು ಹೆಜ್ಜೆಯನ್ನೂ ಇಟ್ಟಳು.

ದೊಡ್ಡ ಸಿಸ್ಟರು ಕದಲಲಿಲ್ಲ. ಗಡಿಯಾರ ನೋಡಲಿಲ್ಲ. ಹುಬ್ಬು ಗಂಟಿಕ್ಕಲೂ ಇಲ್ಲ. “ನಿಧಾನವಾಗಿ ಹೇಳಮ್ಮ, ಹೊತ್ತಿದೆ” ಎಂದರು.

ಹುಡುಗಿ ತಿರುಗಿ ಬಂದಳು. “ಮೇಡಂ, ದಿನಾ ಕೊಡೋ ಹಾಗೆ ಇವರಿಗೂ ಇನ್ಸುಲಿನ್ ಕೊಟ್ಟುಬಿಟ್ಟೆ” ಎಂದಳು.

ಮುಂದಿನ ಕ್ಷಣದಲ್ಲಿ ಕೇಳಬಹುದಾದ ಪ್ರಶ್ನೆಗಳು ಹಲವು. ಬುದ್ಧಿ ಎಲ್ಲಿತ್ತು ಎಂದು ಕೇಳಬಹುದು. ಫಲಕ ಕಾಣಲಿಲ್ಲವೇ ಎಂದು ಕೇಳಬಹುದು. ಅವರು ಕೇಳಿದ್ದು ಎರಡೇ: “ಎಷ್ಟು ಹೊತ್ತಿಗೆ? ಎಷ್ಟು ಯೂನಿಟ್ಟು?” ಆರು ಗಂಟೆಗೆ, ಹದಿನಾಲ್ಕು. ಆಗ ಏಳೂಮುಕ್ಕಾಲು. ರೈತ ಗೋಡೆಯ ಕಡೆ ತಿರುಗಿ ಮಲಗಿದ್ದ. ಶಸ್ತ್ರಕ್ರಿಯೆಯ ಭಯಕ್ಕೆ ಸುಮ್ಮನಿದ್ದಾನೆಂದು ಎಲ್ಲರೂ ತಿಳಿದಿದ್ದರು. ದೊಡ್ಡ ಸಿಸ್ಟರು ಹಣೆ ಮುಟ್ಟಿದರು. ತಣ್ಣನೆಯ ಬೆವರು. ಬೆರಳು ಚುಚ್ಚಿ ಪರೀಕ್ಷಿಸಿದರೆ ಸಕ್ಕರೆ ನಲವತ್ತಾರು. ಡಾಕ್ಟರಿಗೆ ಕರೆ ಹೋಯಿತು. ಗ್ಲೂಕೋಸು ರಕ್ತನಾಳದೊಳಗೆ ಇಳಿಯಿತು. ಕೆಲವು ನಿಮಿಷಗಳಲ್ಲಿ ರೈತ ಕಣ್ಣು ಬಿಟ್ಟು, “ಏನ್ರವ್ವಾ, ಎಲ್ಲಾರೂ ನಿಂತ್ಕಂಡ್ ಬುಟ್ರಿ? ಕಾಲ್ ಕುಯ್ದಾಯ್ತಾ?” ಎಂದು ಕೇಳಿದ. ಶಸ್ತ್ರಕ್ರಿಯೆ ಮರುದಿನಕ್ಕೆ ಹೋಯಿತು.

ಹುಡುಗಿ ಆ ಒಂದು ಹೆಜ್ಜೆಯನ್ನು ಮುಂದಿಟ್ಟು ಹನ್ನೊಂದನೆಯ ಹಾಸಿಗೆಗೆ ಹೋಗಿಬಿಟ್ಟಿದ್ದರೆ ಎಂಟು ಗಂಟೆಗೆ ಅವಳ ಪಾಳಿ ಮುಗಿಯುತ್ತಿತ್ತು. ಮನೆಗೆ ಹೋಗಿ ಮಲಗುತ್ತಿದ್ದಳು. ಉಳಿದದ್ದನ್ನು ಬರೆಯುವ ಅಗತ್ಯವಿಲ್ಲ.

ಕಚೇರಿಯಲ್ಲಿ ದೊಡ್ಡ ಸಿಸ್ಟರು ಆಕೆಯನ್ನು ಎದುರಿಗೆ ಕೂರಿಸಿ ಕಾಫಿ ತರಿಸಿದರು. ಆಕೆ ಕುಡಿಯಲಿಲ್ಲ; ಅಳುತ್ತಿದ್ದಳು. ತಪ್ಪು ತಪ್ಪೇ, ಬರೆದುಕೊಡಬೇಕೆಂದು ಹೇಳಿದರು. ಅಳು ನಿಂತ ಮೇಲೆ, “ನಿನ್ನ ಜತೆ ಇದ್ದವಳೆಲ್ಲಿ?” ಎಂದು ಕೇಳಿದರು.

“ರಾತ್ರಿ ಒಂದಕ್ಕೆ ತುರ್ತು ವಿಭಾಗಕ್ಕೆ ಕಳಿಸಿದ್ರು ಮೇಡಂ. ಅಲ್ಲಿ ಬಸ್ ಅಪಘಾತದ ಕೇಸುಗಳು ಬಂದಿದ್ವು. ಆಮೇಲೆ ನಾನೊಬ್ಬಳೇ.”

ಮೂವತ್ತಾರು ರೋಗಿಗಳಿಗೆ ಒಬ್ಬಳು. ಕಳಿಸಿದ್ದು ರಾತ್ರಿಯ ಮೇಲ್ವಿಚಾರಕಿ, ನಿಜ. ಆದರೆ ತುರ್ತು ವಿಭಾಗಕ್ಕೆ ಜನ ಸಾಲದೆ ಬಂದರೆ ಮೊದಲು ಎಲ್ಲಿಂದ ತೆಗೆಯಬೇಕೆಂದು ಪಟ್ಟಿಯ ಅಂಚಿನಲ್ಲಿ ಬರೆದಿದ್ದವರು ಯಾರು? ದೊಡ್ಡ ಸಿಸ್ಟರು ಮೇಜಿನ ಗಾಜಿನ ಕೆಳಗಿದ್ದ ಆ ವಾರದ ಡ್ಯೂಟಿ ಪಟ್ಟಿಯನ್ನು ಹೊರಗೆಳೆದರು. ಅಂಚಿನಲ್ಲಿದ್ದದ್ದು ಅವರದೇ ಅಕ್ಷರ, ಅವರದೇ ಸಹಿ. ಹಿಂದಿನ ಸೋಮವಾರ ಏಳೂಕಾಲಿಗೆ, ಮೂರು ರಜಾ ಚೀಟಿಗಳ ನಡುವೆ, ಹೊದಿಕೆಯನ್ನು ತಲೆಯ ಕಡೆಗೆ ಎಳೆದಾಗ ಬರಿದಾದ ಕಾಲು ಇದು.

ತಪ್ಪಿನ ವರದಿಗೆ ಒಂದು ಮುದ್ರಿತ ನಮೂನೆಯುಂಟು. ಏನಾಯಿತು, ಯಾವಾಗ ಆಯಿತು, ಯಾರಿಂದ ಆಯಿತು ಎಂದು ಮೂರು ಅಂಕಣ. ಹುಡುಗಿ ತನ್ನ ಹೆಸರನ್ನು ಬರೆದು ಕೊಟ್ಟಳು. ದೊಡ್ಡ ಸಿಸ್ಟರು ಓದಿ ನೋಡಿ, ಮೂರನೆಯ ಅಂಕಣದಲ್ಲಿ ಆಕೆಯ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು. ಪಕ್ಕದಲ್ಲಿ ಕಾರಣವನ್ನು ಒಂದು ವಾಕ್ಯದಲ್ಲಿ ಸೇರಿಸಿದರು. ಆ ಕಾಗದ ಮೇಲಕ್ಕೆ ಹೋದಾಗ ಮೇಲಿನವರೊಬ್ಬರು, ಅಷ್ಟು ಬರೆಯುವ ಅಗತ್ಯವಿತ್ತೇ, ಸುಮ್ಮನೆ ಮೈಮೇಲೆ ಎಳೆದುಕೊಂಡಿರಲ್ಲ ಎಂದರಂತೆ. ಅವರ ಸೇವೆಯ ಪುಸ್ತಕದಲ್ಲಿ ಅದು ಮೊದಲನೆಯ ಕಪ್ಪು ಚುಕ್ಕೆ. ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿರುವಾಗ ಅಂಥದೊಂದು ಚುಕ್ಕೆ ಯಾರಿಗೂ ರುಚಿಸುವುದಿಲ್ಲ, ಅವರಿಗೂ ರುಚಿಸಲಿಲ್ಲ. ಆ ರಾತ್ರಿ ಮನೆಯಲ್ಲಿ ಊಟ ಅರ್ಧಕ್ಕೆ ಬಿಟ್ಟರು.

ವಾರ್ಡಿನಲ್ಲಿ ಆದ ಬದಲಾವಣೆ ಚಿಕ್ಕದು. ಶಸ್ತ್ರಕ್ರಿಯೆಗೆ ಹೋಗುವವರ ಹಾಸಿಗೆಗೆ ಮಾತ್ರವಲ್ಲ, ಅವರ ಇನ್ಸುಲಿನ್ ಪಟ್ಟಿಗೂ ಹಿಂದಿನ ರಾತ್ರಿಯೇ ಒಂದು ಕೆಂಪು ಚೀಟಿ ಅಂಟಿಸಬೇಕು. ಕೈ ತಾನಾಗಿ ಓಡುವ ಹೊತ್ತಿನಲ್ಲಿ ಕಣ್ಣಿಗೆ ಅದು ಅಡ್ಡ ಬರಬೇಕು. ಪಟ್ಟಿಯ ಅಂಚಿನಲ್ಲಿದ್ದ ಸಾಲನ್ನು ಹೊಡೆದುಹಾಕಿದ್ದಾಯಿತು. ಆ ಜಾಗದಲ್ಲಿ ಏನು ಬರೆಯುವುದೆಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ. ಜನ ಕೊಡಿ ಎಂದು ಮೇಲಕ್ಕೆ ಬರೆದ ಕಾಗದಗಳ ಸಂಖ್ಯೆ ಒಂದು ಹೆಚ್ಚಾಯಿತು.

ಮರುದಿನ ನಾಲ್ಕೂವರೆಗೆ ಎದ್ದಾಗ ಹೊರಗೆ ಮಳೆ ಸುರಿಯುತ್ತಿತ್ತು. ದೊಡ್ಡ ಸಿಸ್ಟರು ಹಾಲು ಒಲೆಯ ಮೇಲಿಟ್ಟು, ಕಿಟಕಿಯ ಬಳಿ ನಿಲ್ಲದೆ, ಚೀಲದಿಂದ ಮುಂದಿನ ವಾರದ ಪಟ್ಟಿಯನ್ನು ತೆಗೆದರು. ಗಂಡಸರ ಶಸ್ತ್ರಚಿಕಿತ್ಸೆಯ ವಾರ್ಡು, ರಾತ್ರಿಪಾಳಿ: ಅದೇ ಹುಡುಗಿಯ ಹೆಸರನ್ನು ಬರೆದರು. ಪಕ್ಕದಲ್ಲಿ ಇನ್ನೊಂದು ಹೆಸರನ್ನೂ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಹಾಲು ಉಕ್ಕಿದ್ದು ಆಗಲೇ. ಒಲೆ ಒರೆಸಿ, ಉಳಿದ ಹಾಲಿಗೆ ಡಿಕಾಕ್ಷನ್ ಬೆರೆಸಿ, ಹಂಚನ್ನು ಇಡುವ ಹೊತ್ತಿಗೆ ಅತ್ತೆಯವರು ಎದ್ದು ಬಂದಿದ್ದರು.

“ಹಾಲು ಉಕ್ಕಿದ ವಾಸನೆ. ಎಲ್ಲಿತ್ತಮ್ಮ ಜ್ಞಾನ?”

“ಆಸ್ಪತ್ರೆಯಲ್ಲಿತ್ತು ಅತ್ತೆ.”

“ಸರಿ ಸರಿ. ದೋಸೆ ಹುಯ್ಯಿ ಮೊದಲು. ಆಮೇಲೆ ಸೂಜಿ.”